ಗೋಡೆ ಕಲ್ಲಿನ ರೇಟು ಹೀಗೆ ಹೋಲ್ಸಿ

ಮನೆ ಕಟ್ಸೋರು ಒಂದು ಕಲ್ಲಿಗೆ ಎಷ್ಟು ಅಂತ ನೋಡ್ಬೇಡಿ, ಮುಗಿದ ಗೋಡೆ ಚದರಡಿಗೆ ಎಷ್ಟು ಬೀಳ್ತದೆ ನೋಡಿ. 24×8 ಇಂಚಿನ ಎಎಸಿ ಬ್ಲಾಕ್ (ಗಾಳಿ ತುಂಬಿದ ಹಗುರ ಕಾಂಕ್ರೀಟ್ ಕಲ್ಲು) ಅಂದ್ರೆ 1.33 ಚದರಡಿ, 16×8ರ ಕಾಂಕ್ರೀಟ್ ಬ್ಲಾಕ್ 0.89, ರೇಟನ್ನ ಅದ್ರಿಂದ ಭಾಗ್ಸಿ ಅದ್ಕೆ ಸಿಮೆಂಟು, ಮೇಸ್ತ್ರಿ ಕೂಲಿ, ಎರಡೂ ಬದಿ ಪ್ಲಾಸ್ಟರ್ ಸೇರ್ಸಿ. ಒಳ್ಳೆ ಗಟ್ಟಿ ಚಿರೆಕಲ್ಲಾದ್ರೆ (ಕರಾವಳಿಯ ಕೆಂಪು ಲ್ಯಾಟರೈಟ್ ಕಲ್ಲು) ಹೊರಗೆ ಬರೀ ಪಾಯಿಂಟಿಂಗ್, ಅಂದ್ರೆ ಕಲ್ಲಿನ ಸಂದಿಗಷ್ಟೇ ಸಿಮೆಂಟು, ಮಾಡಿ ಬಿಡಬಹುದು, ಅಲ್ಲೇ ಲೆಕ್ಕ ಎಷ್ಟೋ ಬದಲಾಗ್ತದೆ. ಸೆಕೆಗೆ ಎಎಸಿನೇ ಮೇಲು, ಒಳಗೆಲ್ಲ ಸಣ್ಣ ಸಣ್ಣ ಗಾಳಿ ಗುಳ್ಳೆ ಇರೋದ್ರಿಂದ ಬಿಸಿ ಬೇಗ ದಾಟೋದಿಲ್ಲ. ದಪ್ಪ ಚಿರೆಕಲ್ಲು ಹಗಲಿನ ಬಿಸಿ ಹಿಡ್ಕೊಂಡು ರಾತ್ರಿ ಬಿಡ್ತದೆ, ಹಾಗಾಗಿ ಮಲಗೋ ಕೋಣೆ ಪಡುಗೋಡೆಗಾದ್ರೂ ಎಎಸಿ ಹಾಕೋದು ಒಳ್ಳೇದು. ಆದ್ರೆ ಕಾರವಾರ, ಕುಮಟಾ ಕಡೆ ಮಳೆ ಹೊಡೆಯೋದೂ ಅದೇ ಪಡು ಬದಿಗೆ, ಪ್ಲಾಸ್ಟರ್ ಕೂದಲೆಳೆಯಷ್ಟು ಬಿರುಕು ಬಿಟ್ರೂ ಎಎಸಿ ನೀರು ಕುಡೀತದೆ, ಒದ್ದೆ ಗೋಡೆ ಬಿಸಿನ ಅಷ್ಟು ತಡೆಯೋದಿಲ್ಲ, ಮನೆ ಮಾಡು ಮುಂದೆ ಚಾಚಿಲ್ಲ ಅಂದ್ರೆ ಬೇಡವೇ ಬೇಡ. ಇನ್ನು ಮೇಲೆ ಬರೀ ಸ್ಲ್ಯಾಬ್ ಇದ್ರೆ ಗೋಡೆಗೆ ಎಷ್ಟು ಸುರಿದ್ರೂ ಸೆಕೆ ತಪ್ಪೋದಿಲ್ಲ, ಮೊದಲು ಅದ್ರ ಮೇಲೆ ಹಂಚು ಹಾಕ್ಸಿ.