ಎರಡನೆಯ ಭರಣಿ

ಮಲೆನಾಡಿನ ನಮ್ಮ ಕಡೆಯ ಮನೆಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಒಂದೇ ಭರಣಿಗೆ ತುಂಬಿಡುವ ಪದ್ಧತಿಯಿಲ್ಲ. ದಿನಬಳಕೆಯ ಸಣ್ಣ ಭರಣಿ ಅಡುಗೆಮನೆಯ ಗೂಡಿನಲ್ಲಿರುತ್ತದೆ. ದೊಡ್ಡ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಸುಲಭವಾಗಿ ಸಿಗದ ಕತ್ತಲೆ ಕೋಣೆಯಲ್ಲಿಡುತ್ತೇವೆ. ಯಾರೋ ಒದ್ದೆ ಸೌಟು ಹಾಕಿ ಸಣ್ಣ ಭರಣಿಗೆ ಬೂಸಲು ಬಂದರೂ ವರ್ಷದ ಉಪ್ಪಿನಕಾಯಿ ಉಳಿಯುತ್ತದೆ. ಈ ಜಾಗ್ರತೆಯನ್ನು ಅತ್ತೆಯವರಿಂದ ಕಲಿತಿದ್ದ ನಾನು, ಮನೆಗೆ ಕಂಪ್ಯೂಟರ್ ಬಂದ ಮೇಲೆ ಏಳು ವರ್ಷ ಎಲ್ಲವನ್ನೂ ಅದೊಂದರಲ್ಲೇ ತುಂಬುತ್ತ ಹೋದೆ. ಮಗನ ಮದುವೆಯ ಫೋಟೋಗಳು, ತೋಟದ ಅಡಿಕೆ ಲೆಕ್ಕ, ನನ್ನ ಶಾಲೆಯ ಪಾಠದ ಟಿಪ್ಪಣಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯವರ ಧ್ವನಿಯಲ್ಲಿದ್ದ ಹಸೆ ಹಾಡು, ಆರತಿ ಹಾಡು, ಬೀಸುವ ಹಾಡುಗಳು ಅದರಲ್ಲಿದ್ದವು. ಮಗಳು ಎರಡು ಬೇಸಿಗೆ ರಜೆಗಳಲ್ಲಿ ಅವರ ಪಕ್ಕದಲ್ಲಿ ಕುಳಿತು 41 ಹಾಡುಗಳನ್ನು ಮುದ್ರಿಸಿಕೊಂಡಿದ್ದಳು.

ಅತ್ತೆಯವರು ತೀರಿಕೊಂಡ ಎರಡು ವರ್ಷಕ್ಕೆ, ಒಂದು ಸಂಜೆ ಕಂಪ್ಯೂಟರ್ ಹಾಕಿದಾಗ ಪೆಟ್ಟಿಗೆಯೊಳಗಿಂದ ಟಕ್, ಟಕ್, ಟಕ್ ಎಂದು ಒಂದೇ ಅಳತೆಯ ಸದ್ದು ಬರತೊಡಗಿತು. ಪರದೆ ಕಪ್ಪಾಗಿಯೇ ಉಳಿಯಿತು. ಸರಿಹೋದೀತೆಂಬ ಆಸೆಯಿಂದ ಐದಾರು ಸಲ ಆರಿಸಿ ಹಾಕಿದೆ. ಹಾಗೆ ಮಾಡಬಾರದಿತ್ತೆಂದು ಅಂದು ನನಗೆ ತಿಳಿದಿರಲಿಲ್ಲ. ಕಂಪ್ಯೂಟರಿಗೆ ತುಂಬಿದ್ದನ್ನೆಲ್ಲ ಉಳಿಸಿಡುವ ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತಿನಂತೆ ತಿರುಗುತ್ತಿರುತ್ತವೆ. ಅವುಗಳ ಮೇಲೆ ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲದಷ್ಟು ಅಂತರದಲ್ಲಿ ಓದುವ ಮೊನೆ ತೇಲುತ್ತಿರುತ್ತದೆ. ಆ ಮೊನೆ ಕೆಟ್ಟು ತಟ್ಟೆಗೆ ತಾಗಿದರೆ ಪ್ರತಿಯೊಂದು ಸುತ್ತಿಗೂ ಗೀರು ಬಿದ್ದು, ಗೀರು ಬಿದ್ದಲ್ಲಿದ್ದುದು ಅಳಿಸಿಹೋಗುತ್ತದೆ. ಅಂಥ ಸದ್ದು ಕೇಳಿದ ಕೂಡಲೇ ಯಂತ್ರವನ್ನು ಆರಿಸಿ ಬಲ್ಲವರ ಕೈಗೆ ಕೊಡಬೇಕು. ಬೆಂಗಳೂರಿನಲ್ಲಿ ಡಿಸ್ಕ್ ಬಿಚ್ಚಿ ನೋಡಿದವರು, ತಟ್ಟೆಗಳೇ ಗೀಚಿಹೋಗಿವೆ, ಏನೂ ಸಿಗಲಾರದು ಎಂದು ಹೇಳಿ ಕಳುಹಿಸಿದರು. ಹೊಸ ಕಂಪ್ಯೂಟರ್ ಮರುವಾರವೇ ಬಂತು, ಹಾಡುಗಳು ಬರಲಿಲ್ಲ.

ಆದುದರಿಂದ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಪ್ರತಿಯೊಬ್ಬರಲ್ಲೂ ನಾನು ಕೇಳಿಕೊಳ್ಳುವುದಿಷ್ಟೆ: ಅದರಲ್ಲಿರುವುದರ ಪೈಕಿ ದುಡ್ಡು ಕೊಟ್ಟರೆ ಮತ್ತೆ ಸಿಗುವುದು ಯಾವುದು, ಸಿಗದಿರುವುದು ಯಾವುದು ಎಂದು ಒಮ್ಮೆ ಕುಳಿತು ಬೇರ್ಪಡಿಸಿರಿ. ವಿಂಡೋಸ್, ಟೈಪಿಂಗ್ ತಂತ್ರಾಂಶ, ಸಿನಿಮಾ ಇವೆಲ್ಲ ಮತ್ತೆ ಸಿಗುತ್ತವೆ. ನೀವೇ ತೆಗೆದ ಫೋಟೋ, ನೀವೇ ಬರೆದ ಲೆಕ್ಕ, ಸ್ಕ್ಯಾನ್ ಮಾಡಿಟ್ಟ ಪಹಣಿ ಮತ್ತು ಕ್ರಯಪತ್ರ, ಹಿರಿಯರ ಧ್ವನಿ ಇವುಗಳನ್ನು ‘ಮನೆ’ ಎಂಬ ಒಂದೇ ಫೋಲ್ಡರಿನೊಳಗೆ ತಂದು ಹಾಕಿರಿ. ಡೆಸ್ಕ್‌ಟಾಪಿನ ಮೇಲೆ ಚೆಲ್ಲಾಡಿದ ಫೈಲುಗಳನ್ನು ಮರೆಯಬೇಡಿ. ರಿಪೇರಿಗೆ ಕೊಟ್ಟಾಗ ಸಿ ಡ್ರೈವ್ ಫಾರ್ಮ್ಯಾಟ್ ಆದರೆ, ಅಂದರೆ ಅದನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಪಡಿಸಿದರೆ, ಸಾಮಾನ್ಯವಾಗಿ ಮೊದಲು ಹೋಗುವುದು ಅವೇ. ಡಿ ಡ್ರೈವಿನಲ್ಲೊಂದು ಪ್ರತಿ ಇದೆಯಲ್ಲ ಎಂದು ನೆಮ್ಮದಿಯಿಂದಿರುವವರು ಬಹಳ ಮಂದಿ. ಮನೆಯ ಕಂಪ್ಯೂಟರುಗಳಲ್ಲಿ ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗಗಳು. ಒಂದು ಭರಣಿಯ ನಡುವೆ ಹಲಗೆ ಅಡ್ಡ ಇಟ್ಟರೆ ಎರಡು ಭರಣಿಯಾಗುವುದಿಲ್ಲ. ಭರಣಿ ಒಡೆದರೆ ಎರಡು ಕಡೆಯದೂ ಚೆಲ್ಲುತ್ತದೆ.

ಎರಡನೆಯ ಭರಣಿಗೆ, ಅಂದರೆ ‘ಮನೆ’ ಫೋಲ್ಡರಿನ ಬೇರೆ ಪ್ರತಿಗೆ, ಬೇಕಾದುದು ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ 1 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಫೋಟೋ ಒಂದಕ್ಕೆ 4 ಎಂಬಿಯೆಂದು ಹಿಡಿದರೂ ಅದರಲ್ಲಿ 2 ಲಕ್ಷಕ್ಕಿಂತ ಹೆಚ್ಚು ಫೋಟೋಗಳು ಹಿಡಿಯುತ್ತವೆ. ಪೆನ್ ಡ್ರೈವ್ ಕೊಂಡೊಯ್ಯಲು ಅನುಕೂಲವೇ ಹೊರತು ಅದೊಂದನ್ನೇ ನಂಬಿ ಕೂರುವಂಥದಲ್ಲ; ಜೇಬಿನಲ್ಲೇ ಉಳಿದು ಬಟ್ಟೆಯೊಂದಿಗೆ ಒಗೆಯಲು ಹೋದದ್ದನ್ನು ನಾನೇ ಕಂಡಿದ್ದೇನೆ. ವಿಂಡೋಸಿನಲ್ಲಿ ಫೈಲ್ ಹಿಸ್ಟರಿ, ಮ್ಯಾಕಿನಲ್ಲಿ ಟೈಮ್ ಮೆಷಿನ್ ಎಂಬ ಸೌಲಭ್ಯಗಳಿವೆ. ಒಮ್ಮೆ ಅವನ್ನು ಚಾಲೂ ಮಾಡಿಟ್ಟರೆ, ಡಿಸ್ಕ್ ಜೋಡಿಸಿದಾಗ ತಾವಾಗಿಯೇ ಪ್ರತಿ ಮಾಡಿಕೊಳ್ಳುತ್ತವೆ, ಹಳೆಯ ಆವೃತ್ತಿಗಳನ್ನೂ ಉಳಿಸುತ್ತವೆ. ಅದು ಗೋಜಲೆನಿಸಿದವರು ‘ಮನೆ’ ಫೋಲ್ಡರನ್ನು ಕೈಯಾರೆ ಕಾಪಿ ಮಾಡಿ, ಅದರ ಹೆಸರಿನ ಮುಂದೆ ತಿಂಗಳು, ವರ್ಷ ಬರೆದರೂ ಸಾಕು. ನಮ್ಮ ಮನೆಯಲ್ಲಿ ಕರೆಂಟ್ ಬಿಲ್ ಬಂದ ದಿನ ಈ ಕೆಲಸ ನಡೆಯುತ್ತದೆ. ತಿಂಗಳಿಗೊಮ್ಮೆ ತಪ್ಪದೆ ಬರುವುದು ಅದೇ ಆದ್ದರಿಂದ ಪ್ರತ್ಯೇಕ ನೆನಪು ಬೇಕಾಗುವುದಿಲ್ಲ.

ಕಾಪಿ ಮುಗಿದ ಮೇಲೆ ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿ ಇಡುವುದು ಕಾಪಿ ಮಾಡುವಷ್ಟೇ ಮುಖ್ಯ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶವು ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಫೈಲುಗಳಿಗೆಲ್ಲ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಇಂಥ ಕುತಂತ್ರಾಂಶ ಬಂದಾಗ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇರುವ ಡಿಸ್ಕಿಗೂ ಬೀಗ ಬೀಳುತ್ತದೆ. ಕಳಚಿಟ್ಟ ಡಿಸ್ಕನ್ನು ಅದು ಮುಟ್ಟಲಾರದು. ಸೌಟು ತಾಗದ ಭರಣಿಗೆ ಬೂಸಲು ಬಾರದು. ಮಳೆಗಾಲದ ತೇವಕ್ಕೆ ಹೆದರುವ ಊರಿನವರು ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬಿಯೊಳಗೆ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬಹುದು.

ಕ್ಲೌಡಿನಲ್ಲಿ, ಅಂದರೆ ಅಂತರ್ಜಾಲದ ಮೂಲಕ ಕಂಪನಿಗಳು ಇಟ್ಟುಕೊಳ್ಳುವ ಜಾಗದಲ್ಲಿ, ಎಲ್ಲ ಇದೆ ಎನ್ನುವ ಮಕ್ಕಳ ಮಾತಿನಲ್ಲಿ ಅರ್ಧ ಸತ್ಯವಿದೆ. ಬೆಂಕಿ, ನೆರೆ, ಕಳ್ಳತನಗಳಿಂದ ಅದು ಕಾಪಾಡುತ್ತದೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮನೆಗಳೇ ಹೋದುದನ್ನು ಕಂಡ ಮೇಲೆ, ಒಂದು ಪ್ರತಿ ಮನೆಯ ಹೊರಗಿರಲೇಬೇಕೆಂದು ನನಗೆ ಖಚಿತವಾಯಿತು. ಆದರೆ ಗೂಗಲ್ ಫೋಟೋಸಿನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ನಿಂತಿತು. ಉಚಿತ ಜಾಗವಾದ 15 ಜಿಬಿಯನ್ನು ಮೇಲ್, ಡ್ರೈವ್, ಫೋಟೋ ಮೂರೂ ಹಂಚಿಕೊಳ್ಳುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಸಿಂಕ್ ಎಂಬುದರಲ್ಲಿದೆ, ಅಂದರೆ ಕಂಪ್ಯೂಟರಿನದನ್ನೂ ಕ್ಲೌಡಿನದನ್ನೂ ಸದಾ ಒಂದೇ ಥರ ಇಡುವುದರಲ್ಲಿ. ಸಿಂಕ್ ಆಗುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿ 30 ದಿನ ಮಾತ್ರ ಕಾಯುತ್ತದೆ. ಪಾಸ್‌ವರ್ಡ್ ಒಬ್ಬರಿಗೇ ಗೊತ್ತಿದ್ದು ಅವರಿಗೇನಾದರೂ ಆದರೆ ಮನೆಯವರೆಲ್ಲ ಬಾಗಿಲ ಹೊರಗೆ ನಿಲ್ಲಬೇಕಾಗುತ್ತದೆ. ಅದನ್ನು ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿ, ಒಡವೆಯ ಪಕ್ಕದಲ್ಲಿಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ನುಡಿ, ಬರಹ, ಶ್ರೀಲಿಪಿ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲು ಸುರಕ್ಷಿತವಾಗಿದ್ದರೂ, ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಫೈಲಿನ ಜೊತೆಗೆ ಫಾಂಟನ್ನೂ ಕಾಪಿ ಮಾಡಿಡಿ. ಸಾಧ್ಯವಾದರೆ ಉಚಿತವಾಗಿ ಸಿಗುವ ಪರಿವರ್ತಕದಿಂದ, ಈಗಿನ ಯಂತ್ರಗಳೆಲ್ಲ ಓದಬಲ್ಲ ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರಗಳನ್ನು ಒಮ್ಮೆ ತಿದ್ದಿ ಉಳಿಸಿಕೊಳ್ಳಿ.

ಪ್ರತಿ ಮಾಡಿಸುವುದನ್ನು ಪುಣ್ಯದ ಕೆಲಸವೆಂದು ತಿಳಿದ ನಾಡು ನಮ್ಮದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಓಲೆಗರಿಯಲ್ಲಿ 1,000 ಪ್ರತಿ ಮಾಡಿಸಿ ಹಂಚಿದಳು. ಸಾವಿರ ವರ್ಷ ಕಳೆದರೂ ಅದು ನಮ್ಮ ಕೈಯಲ್ಲಿದೆ. ಅದೇ ಕವಿಯ ಭುವನೈಕ ರಾಮಾಭ್ಯುದಯ ಇಂದು ದೊರೆಯುವುದಿಲ್ಲ. ತರಗತಿಯಲ್ಲಿ ಮೂವತ್ತು ವರ್ಷ ಈ ಪಾಠ ಮಾಡಿದ ನನಗೆ, ನಮ್ಮ ಮನೆಯ ಹಾಡುಗಳು ಹೋದ ದಿನ ಅದರ ಭಾರ ಬೇರೆಯಾಗಿ ತಿಳಿಯಿತು.

ತೆರೆದು ನೋಡದ ಪ್ರತಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಪಿ ನಡುವೆಯೇ ನಿಂತಿರಬಹುದು, ಫೋಲ್ಡರ್ ಖಾಲಿಯಿರಬಹುದು. ಪ್ರತಿ ತಿಂಗಳೂ ಒಂದು ಫೋಟೋ, ಒಂದು ಲೆಕ್ಕದ ಫೈಲು, ಒಂದು ಧ್ವನಿಯ ಫೈಲನ್ನು ಆ ಡಿಸ್ಕಿನಿಂದಲೇ ತೆರೆಯಬೇಕು. ನಮ್ಮಲ್ಲಿ ಈಗ ಎರಡು ಡಿಸ್ಕುಗಳಿವೆ. ಒಂದು ಇಲ್ಲಿರುವಾಗ ಇನ್ನೊಂದು ಮೈಸೂರಿನಲ್ಲಿ ಮಗಳ ಮನೆಯಲ್ಲಿರುತ್ತದೆ, ಯುಗಾದಿಗೂ ದೀಪಾವಳಿಗೂ ಅವಳು ಬಂದಾಗ ಅದಲು ಬದಲಾಗುತ್ತವೆ. 41 ಹಾಡುಗಳಲ್ಲಿ ಮೂರನ್ನು ಅವಳು ಅಂದು ತನ್ನ ಗೆಳತಿಯ ಮದುವೆಗೆಂದು ಇ-ಮೇಲಿನಲ್ಲಿ ಕಳುಹಿಸಿದ್ದಳು, ಅವು ಉಳಿದವು. ಕರೆಂಟ್ ಬಿಲ್ ಬಂದ ದಿನ ನಾನು ತೆರೆದು ಪರೀಕ್ಷಿಸುವ ಧ್ವನಿಯ ಫೈಲು ಆ ಮೂರರಲ್ಲೊಂದು. ಹಾಡು ಶುರುವಾಗುವ ಮೊದಲು ಅತ್ತೆಯವರು ಗಂಟಲು ಸರಿಮಾಡಿಕೊಂಡು, "ಹಾಡಲೇನೇ ಕೂಸೆ?" ಎಂದು ಕೇಳುವುದು ಸ್ಪಷ್ಟವಾಗಿ ಕೇಳಿಸುತ್ತದೆ.