ನರ ಕಡಿದ ದಿನವೇ ನರ ಜೋಡಿಸಿದ್ದು: ಕಾಸರಗೋಡಿನಿಂದ ನನ್ನ ಅನುಭವ

ಕೆನ್ನೆಯ ಪರೋಟಿಡ್ ಎಂಬ ಜೊಲ್ಲು ಗ್ರಂಥಿಯ ಕ್ಯಾನ್ಸರಿಗೆ ಮುಖದ ನರ ಕಡೀಬೇಕಾಗಿ ಬಂದ್ರೆ, ಅದೇ ಆಪರೇಷನಲ್ಲಿ ಬೇರೆ ಕಡೆಯ ನರದ ತುಂಡು, ಅಂದ್ರೆ ಗ್ರಾಫ್ಟ್, ಜೋಡಿಸ್ತೇನೆ ನಾನು. "ರೇಡಿಯೇಷನ್ ಕೊಡ್ಲಿಕ್ಕಿರುವ ಜಾಗಕ್ಕೆ ಗ್ರಾಫ್ಟ್ ಹಾಕಿ ಎಂತ ಪ್ರಯೋಜನ, ಎಲ್ಲ ಸುಟ್ಟು ಹೋಗ್ತದೆ" ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಎಲ್ಲ ಹಿರಿಯರು, ಒಳ್ಳೆ ಕೈಯವರು. ಆದ್ರೆ ಕಳೆದ ವಾರ ಬದಿಯಡ್ಕ ಕಡೆಯ ಒಬ್ರು ಅಕ್ಕ ನನ್ನೆದುರು ಕೂತು ಬಲಗಣ್ಣಿನ ರೆಪ್ಪೆ ಪೂರ್ತಿ ಕೆಳಗೆ ತಂದು ತೋರಿಸಿದ್ರು, 30 ಸಲ ರೇಡಿಯೇಷನ್ ತಗೊಂಡ ಮುಖ ಅದು. ಅದಕ್ಕೇ ಬರೀತಿದ್ದೇನೆ.

ಪರೋಟಿಡ್ ಆಪರೇಷನ್ ಮಾಡುವವರಿಗೆ ಬೇಸಿಕ್ಸ್ ಹೇಳ್ಬೇಕಾಗಿಲ್ಲ. ಫೇಶಿಯಲ್ ನರ್ವ್ (ಮುಖ ಅಲುಗಾಡಿಸುವ ನರ) ಕೆಲಸ ಮಾಡ್ತಾ ಉಂಟು, ಗಡ್ಡೆಯಿಂದ ಬಿಡಿಸ್ಲಿಕ್ಕೆ ಆಗ್ತದೆ ಅಂದ್ರೆ ಉಳಿಸಿ, ಅದರಲ್ಲಿ ಚರ್ಚೆ ಇಲ್ಲ. ನನ್ನ ಮಾತು, ನಮ್ಮ ಹತ್ರ ಬರುವಾಗಲೇ ಬಾಯಿ ಸೊಟ್ಟ ಆದವರದ್ದು, ಅಡಿನಾಯ್ಡ್ ಸಿಸ್ಟಿಕ್ ಎಂಬ ಕ್ಯಾನ್ಸರ್ ನರ ಹಿಡಿದುಕೊಂಡೇ ಮೇಲೆ ಹತ್ತಿರ್ತದಲ್ಲ, ಅವರದ್ದು. ಈ ಕ್ಯಾನ್ಸರಲ್ಲಿ 5 ವರ್ಷ ಬದುಕುವವರ ಲೆಕ್ಕ ಚಂದ ಕಾಣ್ತದೆ, 10, 15 ವರ್ಷಕ್ಕೆ ಇಳೀತಾ ಹೋಗ್ತದೆ, ಆದ್ರೆ ಶ್ವಾಸಕೋಶದಲ್ಲಿ ಗಂಟು ಬಂದ ಮೇಲೂ ಎಷ್ಟೋ ಜನ ವರ್ಷಗಟ್ಟಲೆ ತೋಟಕ್ಕೆ ಹೋಗಿಕೊಂಡೇ ಇರ್ತಾರೆ. ಅಷ್ಟು ಕಾಲ ಬದುಕುವವರ ಮುಖವನ್ನು ಹೇಗೂ ಕ್ಯಾನ್ಸರಲ್ವಾ ಅಂತ ಹಾಗೇ ಬಿಡ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ.

ಮೊದಲ ಮೂರು ಕೇಸೂ ಕೈಕೊಟ್ಟವು. ಒಂದರಲ್ಲಿ ಗ್ರಾಫ್ಟಿಗೆ ಕುತ್ತಿಗೆಯ ಗ್ರೇಟ್ ಆರಿಕ್ಯುಲರ್ ನರ್ವ್ ಸಿಕ್ಕಿದ್ದು ಆರು ಸೆಂಟಿಮೀಟರ್, ಬೇಕಿದ್ದದ್ದು ಏಳು. ಎಳೆದು ಕಟ್ಟಿದೆ, ಎರಡು ವರ್ಷ ಕಾದ್ರೂ ಮುಖ ಅಲುಗಾಡ್ಲಿಲ್ಲ. ಇನ್ನೊಂದರಲ್ಲಿ ಆಗ ನಮ್ಮಲ್ಲಿ ಫ್ರೋಜನ್ (ಆಪರೇಷನ್ ನಡುವೆಯೇ ತುಂಡನ್ನು ಹೆಪ್ಪುಗಟ್ಟಿಸಿ ಕ್ಯಾನ್ಸರ್ ಉಂಟಾ ಅಂತ ನೋಡುದು) ಇರ್ಲಿಲ್ಲ, ನರದ ತುದಿ ಬಿಳಿಯಾಗಿ ಕ್ಲೀನಾಗಿ ಕಂಡಿತು ಅಂತ ನಿಲ್ಲಿಸಿದೆ, ಹತ್ತು ದಿನ ಕಳೆದು ರಿಪೋರ್ಟ್ ಪಾಸಿಟಿವ್, ತುದಿಯಲ್ಲಿ ಕ್ಯಾನ್ಸರ್ ಉಳಿದಿತ್ತು. ಮೂರನೆಯದ್ದು ಹೇಳ್ಲಿಕ್ಕೆ ಈಗ್ಲೂ ಸಂಕಟ. ಗ್ರಾಫ್ಟ್ ಚಿಗುರ್ಲಿಕ್ಕೆ ತಿಂಗಳುಗಟ್ಟಲೆ ಬೇಕು, ಅಷ್ಟು ದಿನ ಕಣ್ಣು ತೆರೆದೇ ಇರ್ತದೆ, ನಾನು ಡ್ರಾಪ್ಸ್ ಬರೆದು ಕೊಟ್ಟೆ, ರಾತ್ರಿ ಟೇಪ್ ಹಚ್ಚುದು ಹೇಗೆ ಅಂತ ಮನೆಯವರಿಗೆ ಕೂತು ಹೇಳಿಕೊಡ್ಲಿಲ್ಲ, ಕಾರ್ನಿಯಾದಲ್ಲಿ ಹುಣ್ಣಾಗಿ ದೃಷ್ಟಿ ಮಂಜಾಯ್ತು. ತಪ್ಪು ಪೂರ್ತಿ ನನ್ನದೇ. ಈಗ ರೆಪ್ಪೆಯ ಹೊರ ತುದಿಗೆ ಅದೇ ದಿನ ಹೊಲಿಗೆ ಹಾಕಿಯೇ ಥಿಯೇಟರಿನಿಂದ ಹೊರಗೆ ಬರುದು.

ದುಡ್ಡಿನ ವಿಷಯ. ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪಿಗೆ 9 ಲಕ್ಷದ ಹತ್ರ, ಫ್ರೋಜನ್ ಮಾಡುವ ಹಳೇ ಕ್ರಯೋಸ್ಟಾಟಿಗೆ 5 ಚಿಲ್ಲರೆ, ಅರ್ಧ ಸಾಲ. 9-0 ನೈಲಾನ್ (ನರ ಹೊಲಿಯುವ ಬಹಳ ತೆಳು ದಾರ) ಒಂದು ಕೇಸಿಗೆ ಎರಡು ಮೂರು ಬೇಕಾಗ್ತದೆ. ಗ್ರಾಫ್ಟಿಗೆ ಅಂತ ಪೇಷಂಟಿನ ಹತ್ರ ಬೇರೆ ತಗೊಳ್ಳುದಿಲ್ಲ, ಹೆಚ್ಚು ಹಿಡಿಯುದು ಒಂದೂವರೆ ಗಂಟೆ ಮಾತ್ರ. ಕೈ ಪಳಗಿದ್ದು ಕೋಳಿ ತೊಡೆಯ ನರದಲ್ಲಿ, ಪ್ರತಿ ಆದಿತ್ಯವಾರ ಒಂದು ಕಾಲು, ಸುಮಾರು ಎಂಟು ತಿಂಗಳು.

ಈಗ ಮಾಡುದು ಹೀಗೆ. ಫ್ರೋಜನಲ್ಲಿ ತುದಿ ನೆಗೆಟಿವ್ ಬರುವವರೆಗೆ ಹಿಂದೆ ಹೋಗುದು, ಬೇಕಾದ್ರೆ ಕಿವಿ ಹಿಂದಿನ ಮ್ಯಾಸ್ಟಾಯ್ಡ್ ಕೊರೆದು ಎಲುಬಿನೊಳಗಿಂದಲೇ ನರ ತಗೊಳ್ಳುದು. ಗ್ರಾಫ್ಟ್ ಅಳತೆಗಿಂತ ಉದ್ದ ಇರ್ಬೇಕು, ಸಡಿಲ ಕೂರ್ಬೇಕು, ಸಾಲದಿದ್ರೆ ಕಾಲಿನ ಸುರಲ್ ನರ. ಕಣ್ಣಿನ ಕವಲು ಮತ್ತು ಬಾಯಿಯ ಕವಲು ಮೊದಲು, ಹಣೆಗೆ ನಾನು ಕಷ್ಟ ಪಡುದಿಲ್ಲ. ಒಂದೇ ಗ್ರಾಫ್ಟನ್ನು ಎರಡು ಕವಲಿಗೆ ಹಂಚುವ ನನ್ನ ಕ್ರಮ ಇಲ್ಲಿ ಬರೆಯುದಿಲ್ಲ, ಬಂದವರಿಗೆ ಟೇಬಲಿನಲ್ಲೇ ತೋರಿಸ್ತೇನೆ. ರೇಡಿಯೇಷನ್ ಆರು ವಾರದೊಳಗೆ ಮಂಗಳೂರಿನಲ್ಲಿ ಶುರು, ಒಟ್ಟು ಡೋಸ್ 60 ಗ್ರೇ. ಗ್ರಾಫ್ಟಿನ ನೆಪದಲ್ಲಿ ಅದನ್ನು ಒಂದು ದಿನವೂ ಮುಂದೆ ಹಾಕುದಿಲ್ಲ. 2020ರ ಮಾರ್ಚಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಬಂದ್ ಆದಾಗ ಒಬ್ಬರದ್ದು ಅರ್ಧಕ್ಕೆ ನಿಂತು ನಾವು ಪಟ್ಟ ಪಾಡು ನಮಗೇ ಗೊತ್ತು.

ಇದರ ನಡುವೆ ಇನ್ನೊಂದು ಮಾಡಿ ನೋಡಿದೆ. ಪರೋಟಿಡ್ ಆಪರೇಷನ್ ಆದ ಮೇಲೆ ಊಟ ಮಾಡುವಾಗ ಕೆನ್ನೆ ಬೆವರುವ ಫ್ರೇಸ್ ಸಿಂಡ್ರೋಮ್ ಇರ್ತದಲ್ಲ, ಅದರ ಅಯೋಡಿನ್ ಟೆಸ್ಟಿಗೆ ಲ್ಯಾಬಿನ ಸ್ಟಾರ್ಚ್ ಮುಗಿದಿತ್ತು, ಅಯೋಡಿನ್ ಹಚ್ಚಿದ ಕೆನ್ನೆಗೆ ಮನೆಯ ಕೂವೆ ಹುಡಿ ಉದುರಿಸಿ ಉಪ್ಪಿನಕಾಯಿ ಚೀಪ್ಲಿಕ್ಕೆ ಕೊಟ್ಟೆ, ಎರಡೇ ನಿಮಿಷದಲ್ಲಿ ಬೆವರಿದ ಜಾಗ ಕಡುನೀಲಿ. ಈಗ ಅದೇ ಖಾಯಂ.

ಇಷ್ಟರವರೆಗೆ 14 ಗ್ರಾಫ್ಟ್ ಆಗಿರಬೇಕು, 9 ಜನ ಹೌಸ್-ಬ್ರಾಕ್‌ಮನ್ 3ಕ್ಕೆ (ಮುಖದ ಅಲುಗಾಟದ ಅಳತೆ, 1 ಅಂದ್ರೆ ಸರಿ, 6 ಅಂದ್ರೆ ಪೂರ್ತಿ ನಿಂತದ್ದು) ಬಂದಿದ್ದಾರೆ, ಗ್ರಾಫ್ಟಿಗೆ ಅದಕ್ಕಿಂತ ಮೇಲೆ ಆಸೆ ಪಡ್ಲಿಕ್ಕೂ ಇಲ್ಲ. ನಗುವಾಗ ಕಣ್ಣೂ ಸ್ವಲ್ಪ ಕಿರಿದಾಗ್ತದೆ. ಬದಿಯಡ್ಕದ ಈ ಅಕ್ಕನಿಗೆ ಮೊದಲ ಅಲುಗಾಟ ಕಂಡದ್ದು ಎಂಟನೇ ತಿಂಗಳಲ್ಲಿ, ಅಲ್ಲಿವರೆಗೆ ನನಗೇ ನಿದ್ದೆ ಇರ್ಲಿಲ್ಲ. "ಡಾಕ್ಟ್ರೇ, ಈಗ ಗಂಜಿ ಕುಡಿವಾಗ ಕಟವಾಯಿಯಿಂದ ಇಳಿಯುದಿಲ್ಲ" ಅಂದ್ರು. ಎದೆಯ ಸಿಟಿ ಸ್ಕ್ಯಾನಿನಲ್ಲಿ 4 ಮಿಲಿಮೀಟರಿನ ಎರಡು ಗಂಟು ಕಾಣ್ತಿದೆ, ಕಳೆದ ವರ್ಷವೂ ಅಷ್ಟೇ ಇತ್ತು. ಮುಂದಿನ ಸಿಟಿ ಅಡಿಕೆ ಕೊಯ್ಲು ಮುಗಿದ ಮೇಲೆ ಅಂತ ಬರೆದು ಕಳಿಸಿದ್ದೇನೆ.