ಮಳೆಗಾಲದ ಶೀತಕ್ಕೆ ಕಷಾಯ, ತಂಬುಳಿ, ಹಬೆ: ಅಳತೆ ಮತ್ತು ಎಚ್ಚರ

ಶೀತವಾಗಲಿ ಫ್ಲೂ ಆಗಲಿ, ಬರುವುದು ವೈರಸ್‌ನಿಂದ. ಅದನ್ನು ಕೊಲ್ಲುವ ಶಕ್ತಿ ಯಾವ ಕಷಾಯಕ್ಕೂ ಇಲ್ಲ. ಆದರೆ ಕಟ್ಟಿದ ಮೂಗು ಬಿಡುತ್ತದೆ, ಗಂಟಲಿಗೆ ಹಿತವಾಗುತ್ತದೆ, ರಾತ್ರಿ ಒಂದಿಷ್ಟು ನಿದ್ದೆ ಬರುತ್ತದೆ. ಮನೆಮದ್ದಿನಿಂದ ಇಷ್ಟು ಸಿಕ್ಕಿದರೆ ಸಾಕು.

ನಮ್ಮ ಮಂಗಳೂರು, ಉಡುಪಿ ಕಡೆಯ ಕಷಾಯ ಪುಡಿಯಲ್ಲಿ ಕೊತ್ತಂಬರಿಯೇ ಯಜಮಾನ, ಒಳ್ಳೆಮೆಣಸಲ್ಲ. ಒಂದು ಕಪ್ ಕೊತ್ತಂಬರಿಗೆ ಅರ್ಧ ಕಪ್ ಜೀರಿಗೆ, ಎರಡು ಟೀ ಚಮಚ ಒಳ್ಳೆಮೆಣಸು, ಒಂದು ಟೀ ಚಮಚ ಮೆಂತೆ, ಹೆಬ್ಬೆರಳು ಗಾತ್ರದ ಒಣಶುಂಠಿ ಒಂದು ತುಂಡು. ಶೀತ ಜೋರಿದೆ ಎಂದು ಮೆಣಸು ಸುರಿದರೆ ಮರುದಿನಕ್ಕೆ ಹೊಟ್ಟೆಯುರಿ, ಹುಳಿತೇಗು ಶುರು. ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಎಲ್ಲ ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಮೆಂತೆ ಕರಟಿ ಇಡೀ ಪುಡಿ ಕಹಿಯಾಗುತ್ತದೆ. ಒಣಶುಂಠಿಯನ್ನು ಮೊದಲೇ ಜಜ್ಜಿಕೊಳ್ಳಿ, ಇಲ್ಲವಾದರೆ ಮಿಕ್ಸಿಯ ಬ್ಲೇಡಿಗೆ ಕಷ್ಟ. ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ. ಬಿಸಿಯಲ್ಲಿ ಮಾಡಿ ಬಾಟಲಿಗೆ ತುಂಬಿದರೆ ಒಳಗೆ ಬೆವರುತ್ತದೆ, ಈ ಊರಿನ ಜುಲೈ ತೇವದಲ್ಲಿ ಬೂಸು ಹಿಡಿಯಲು ಅಷ್ಟೇ ಸಾಕು.

ಎರಡು ಲೋಟ ನೀರಿಗೆ ಎರಡು ಟೀ ಚಮಚ ಪುಡಿ, ಒಂದು ಸಣ್ಣ ತುಂಡು ಬೆಲ್ಲ. ಐದಾರು ನಿಮಿಷ ಸಣ್ಣಗೆ ಕುದಿದು ಒಂದೂವರೆ ಲೋಟಕ್ಕೆ ಇಳಿದರೆ ಹದ. ಹಾಲು ಬೇಕಿದ್ದರೆ ಒಲೆ ಆರಿಸಿದ ಮೇಲೆ ಹಾಕಿ. ಬೆಲ್ಲದ ಜತೆ ಕುದಿಸಿದರೆ ಒಡೆಯುತ್ತದೆ. ದಿನಕ್ಕೆ ಎರಡು ಸಲ ಕುಡಿದರೆ ಧಾರಾಳ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಲಿ, ಓಲೆಬೆಲ್ಲ (ತಾಳೆಬೆಲ್ಲ) ಆದರೂ ಲೆಕ್ಕ ಒಂದೇ.

ಕೆಮ್ಮಿಗೆ ಸಾಂಬ್ರಾಣಿ ಎಲೆ, ಅಂದರೆ ದೊಡ್ಡಪತ್ರೆ. ಏಳೆಂಟು ಎಲೆಗಳನ್ನು ಕಾವಲಿಯಲ್ಲಿ ಬಾಡಿಸಿ ಹಿಂಡಿದರೆ ಒಂದೆರಡು ಚಮಚ ರಸ ಬರುತ್ತದೆ. ಹಸಿಯಾಗಿ ಹಿಂಡಿದರೆ ಕೈ ನೋವು ಮಾತ್ರ. ಅದಕ್ಕೆ ಒಂದು ಚಮಚ ಜೇನು ಬೆರೆಸಿ ಮಲಗುವ ಮುಂಚೆ ಕೊಡಿ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೂ ಬಾರದು, ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು.

ಬಾಯಿಗೆ ರುಚಿಯಿಲ್ಲದ ದಿನ ಇದೇ ಎಲೆಯ ತಂಬುಳಿ. ಹತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಒಳ್ಳೆಮೆಣಸನ್ನು ತುಪ್ಪದಲ್ಲಿ ಎಲೆಯ ಬಣ್ಣ ತಿರುಗುವ ತನಕ ಹುರಿದು, ಆರಿಸಿ, ಕಾಲು ಕಪ್ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಒಂದು ಕಪ್ ಮಜ್ಜಿಗೆಗೆ ಕದಡಿ. ಕುದಿಸಬೇಡಿ. ಎಲೆ ಸರಿಯಾಗಿ ಬಾಡದಿದ್ದರೆ ಹಸಿ ಘಾಟು ಉಳಿಯುತ್ತದೆ. ಶೀತಕ್ಕೆ ಮಜ್ಜಿಗೆಯೇ ಎಂದು ಮನೆಯ ಹಿರಿಯರು ಹುಬ್ಬೇರಿಸಿದರೆ, ಫ್ರಿಡ್ಜಿನದ್ದಲ್ಲ ಎಂದು ಹೇಳಿ ಬಡಿಸಿ. ಜತೆಗೆ ಕುಚ್ಚಲಕ್ಕಿ ಗಂಜಿ, ಉಪ್ಪು ಹಾಕಿದ ತಿಳಿ.

ಗಂಟಲು ಕೆರೆತಕ್ಕೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮುಕ್ಕಳಿಸಿ.

ಹಬೆಯಲ್ಲಿ ಆಗುವ ಅನಾಹುತ ಕಾಯಿಲೆಗಿಂತ ದೊಡ್ಡದು. ಒಲೆಯ ಮೇಲಿನ ಪಾತ್ರೆಗೆ ಮುಖ ಒಡ್ಡಬೇಡಿ. ಇಳಿಸಿ, ಅಲ್ಲಾಡದ ಮೇಜಿನ ಮೇಲಿಟ್ಟು, ಒಂದೆರಡು ನಿಮಿಷ ಬಿಟ್ಟು, ಒಂದು ಅಡಿ ದೂರದಿಂದ ಐದು ನಿಮಿಷ ತೆಗೆದುಕೊಂಡರೆ ಸಾಕು. ಮಕ್ಕಳನ್ನು ಕುದಿನೀರಿನ ಹತ್ತಿರ ಕೂರಿಸಲೇಬೇಡಿ. ತೆಂಗಿನೆಣ್ಣೆಯಲ್ಲಿ ಕರ್ಪೂರ ಕರಗಿಸಿ ಕೂಸಿನ ಎದೆಗೆ, ಮೂಗಿಗೆ ಹಚ್ಚುವ ಅಭ್ಯಾಸವನ್ನೂ ಬಿಡಿ: ಕರ್ಪೂರ ಮೈಗೆ ಸೇರಿದರೆ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು.

ಇನ್ನು ಜ್ವರ. ಮೂಗು ಸೋರದೆ, ಕೆಮ್ಮಿಲ್ಲದೆ ಒಮ್ಮೆಲೇ ಜ್ವರ ಏರಿ, ಕಣ್ಣಿನ ಹಿಂದೆ ನೋವು, ಮೀನಖಂಡದಲ್ಲಿ ಸೆಳೆತ ಅಥವಾ ನಡುಕ ಇದ್ದರೆ ಕಷಾಯ ಬದಿಗಿಟ್ಟು ರಕ್ತಪರೀಕ್ಷೆ ಮಾಡಿಸಿ. ಕರಾವಳಿಯ ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರ ಮೂರೂ ಇವೆ. ಗದ್ದೆಗೆ ಇಳಿಯುವವರಿಗೆ ಇಲಿಜ್ವರದ ಭಯ ಹೆಚ್ಚು. ಡೆಂಗಿ ಅಲ್ಲವೆಂದು ಗೊತ್ತಾಗುವ ತನಕ ಐಬುಪ್ರೊಫೇನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಯಾರಸಿಟಮಾಲ್ ಸಾಕು: ದೊಡ್ಡವರಿಗೆ 500 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಏದುಸಿರು, ಎದೆನೋವು, ಮಂಪರು ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು, ಆಸ್ತಮಾದವರು, 65 ದಾಟಿದವರು ಫ್ಲೂ ಅನುಮಾನವಿದ್ದರೆ ಮೊದಲ ದಿನವೇ ವೈದ್ಯರನ್ನು ಕಾಣಬೇಕು. ಫ್ಲೂ ವೈರಸ್‌ಗೆ ವೈದ್ಯರು ಬರೆದುಕೊಡುವ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ.